ಹೋಲಿಕೆ ಬೇಡ, ಕೊಕ್ಕು ಎಲ್ಲಿದೆ ಹೇಳು

ಟಿಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಿಕ್, ಟಿಕ್. ಅದರ ಹಿಂದೆ, ಬಾಗಿಲು ಹಾಕಿದ ಕೋಣೆಯೊಳಗಿಂದ ಬಂದಂತೆ ಸಣ್ಣದೊಂದು ಚಿಂವ್.

ಅವಳು ಮೊಟ್ಟೆಯನ್ನು ಹಳೇ ಕಾಲದ ಫೋನ್ ರಿಸೀವರ್ ಥರ ನನ್ನ ಕಿವಿಗೆ ಹಿಡಿದಿದ್ದಳು. “ಯಾರೋ ನಿನ್ನ ಹತ್ರ ಮಾತಾಡ್ಬೇಕಂತೆ, ತಗೋ” ಅಂದಳು. ನಾನು ಆ ಮೊಟ್ಟೆಗೆ “ಹಲೋ” ಅಂದೆ. ಕಾನ್ವೆಂಟ್‌ನಲ್ಲಿ ಓದಿದವರಿಗೆ ಎದುರಿಗೆ ಯಾರಿದ್ದಾರೆ ಅಂತ ನೋಡದೆ ಮ್ಯಾನರ್ಸ್ ತೋರಿಸುವ ಕಾಯಿಲೆ ಇರುತ್ತದೆ. ನನಗೆ ಈಗ ಎಪ್ಪತ್ತು ದಾಟಿದೆ, ಕಾಯಿಲೆ ವಾಸಿಯಾಗಿಲ್ಲ.

ಅವಳು ಹೋದಳೆಂಬ ಸುದ್ದಿ ಕಳೆದ ತಿಂಗಳು ಮೈಸೂರಿನಿಂದ ಬಂತು. ಫೋನ್ ಮಾಡಿದ್ದು ಅವಳ ಅಣ್ಣನ ಮಗಳು. “ಆಂಟಿ, ಅತ್ತೆ ಬೆಳಿಗ್ಗೆ ಹೋಗ್ಬಿಟ್ರು” ಅಂತ ಆ ಹುಡುಗಿ ಹೇಳಿದಾಗ ನನ್ನ ಕಿವಿಯಲ್ಲಿ ಮೊದಲು ಕೇಳಿದ್ದು ಈ ಟಿಕ್ ಸದ್ದು. ಅಳು ಆಮೇಲೆ ಬಂತು.

ರಾಜಾಜಿನಗರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾವಿಬ್ಬರೂ ಲೆಕ್ಚರರ್‌ಗಳು. ಅವಳು ಝೂಆಲಜಿ, ನಾನು ಇಂಗ್ಲಿಷ್. ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, “ಏ ಇಂಗ್ಲಿಷ್” ಅನ್ನುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ಕಿತ್ತಳೆ ಹಣ್ಣು ಸುಲಿಯುವಾಗ ಅವಳು ಸಿಪ್ಪೆಯನ್ನು ಒಂದೇ ತುಂಡಾಗಿ ತೆಗೆದು, ತೊಳೆಗಳನ್ನು ಬಿಡಿಸಿ, ಒಂದೊಂದರ ಬಿಳಿ ನಾರು ಕಿತ್ತು, ಪ್ಲೇಟಿನಲ್ಲಿ ಸಾಲಾಗಿ ಜೋಡಿಸುತ್ತಿದ್ದಳು. ಕೈಯಿಂದ ಫಾರ್ಮಲಿನ್ ವಾಸನೆ. ನಾನು ಕರ್ಚೀಫು ಮೂಗಿಗೆ ಒತ್ತಿಕೊಂಡೇ ಆ ತೊಳೆಗಳನ್ನು ತಿನ್ನುತ್ತಿದ್ದೆ. ಬೇಡ ಎನ್ನುವಷ್ಟು ಶುದ್ಧತೆ ನನ್ನಲ್ಲಿ ಇರಲಿಲ್ಲ.

ಒಮ್ಮೆ ಕಾಲೇಜ್ ಮ್ಯಾಗಝೀನಿಗೆ ನಾನೊಂದು ಪದ್ಯ ಬರೆದೆ. ಮಾವಿನ ಮರದಲ್ಲಿ ಕೂತು ವಿರಹದಲ್ಲಿ ಹಾಡುವ ಕೋಗಿಲೆ ಹೆಣ್ಣಿನ ಬಗ್ಗೆ. ಪ್ರಿನ್ಸಿಪಾಲರು ಕಣ್ಣೊರೆಸಿಕೊಂಡರು. ಇವಳು ಓದಿ, ಮಡಚಿ, ವಾಪಸ್ ಕೊಟ್ಟು, “ಚೆನ್ನಾಗಿದೆ ಕಣೇ. ಆದ್ರೆ ಹಾಡೋದು ಗಂಡು. ಹೆಣ್ಣು ಕೋಗಿಲೆ ಹಾಡಲ್ಲ, ಕಿರುಚುತ್ತೆ” ಅಂದಳು. ಆಮೇಲೆ ನಾನು ಪದ್ಯ ಬರೆಯಲಿಲ್ಲ. ಕನ್ನಡ ಸಾಹಿತ್ಯಕ್ಕೆ ಅವಳು ಮಾಡಿದ ಉಪಕಾರವನ್ನು ಯಾರೂ ಗುರುತಿಸಿಲ್ಲ.

“ಮೊದ್ಲು ನೋಡ್ರಮ್ಮ, ಆಮೇಲೆ ಮಾತಾಡಿ” ಅನ್ನುವುದು ಅವಳ ಲ್ಯಾಬಿನ ಮಂತ್ರ. ಪ್ರತಿವರ್ಷ ಮೊಟ್ಟೆಗಳನ್ನು ಇನ್‌ಕ್ಯುಬೇಟರಿನಲ್ಲಿಟ್ಟು, ಮರಿ ಅನ್ನುವುದು ಇನ್ನೂ ಒಂದು ಚುಕ್ಕೆ, ಒಂದು ಗೆರೆಯಾಗಿ ಇರುವಾಗಲೇ ಒಡೆದು, ಗಾಜಿನ ಮೇಲೆ ಹರಡಿ ಹುಡುಗಿಯರಿಗೆ ತೋರಿಸುತ್ತಿದ್ದಳು. ಮಿಡಿಯುವ ಹೃದಯದ ಚುಕ್ಕೆ ನೋಡಿ ಹುಡುಗಿಯರು “ಅಯ್ಯೋ ಪಾಪ ಮಿಸ್” ಅಂದರೆ, “ಪಾಪ ಎಲ್ಲಿದೆ? ಸ್ಲೈಡ್‌ನಲ್ಲಿ ತೋರ್ಸು” ಅನ್ನುತ್ತಿದ್ದಳು.

ಇಬ್ಬರೂ ರಿಟೈರಾದೆವು. ಅವಳು ಆರ್‌ಪಿಸಿ ಲೇಔಟಿನ ತನ್ನ ಸಣ್ಣ ಮನೆಯಲ್ಲಿ ಒಬ್ಬಳೇ, ನಾನು ಬಸವೇಶ್ವರನಗರದಲ್ಲಿ. ಶನಿವಾರ ಆಟೋ ಹಿಡಿದು ಅವಳ ಮನೆಗೆ ಹೋಗುವುದು, ಅವಳು ಮಾಡಿದ ಕೆಟ್ಟ ಕಾಫಿ ಕುಡಿಯುವುದು, ಜಗಳವಾಡುವುದು, ಬರುವುದು. ಅಂಥ ಒಂದು ಶನಿವಾರ, ಕಾಫಿ ಲೋಟವನ್ನು ನನ್ನ ಕೈಗೆ ಕೊಡಲು ಹೋಗಿ ಗಾಳಿಗೆ ಕೊಟ್ಟಳು. ಸೀರೆಯೆಲ್ಲ ಕಾಫಿ.

“ಹೇಳ್ಬೇಕು ಅಂತಿದ್ದೆ” ಅಂದಳು. “ಕಣ್ಣಿನ ನಡುವಿನ ನೋಟ ಹೋಗ್ತಾ ಇದೆ. ಅಂಚಲ್ಲಿ ಇರೋದು ಕಾಣುತ್ತೆ, ನೆಟ್ಟಗೆ ನೋಡಿದ್ದು ಕಾಣಲ್ಲ. ಈಗ ನಿನ್ನ ಸೆರಗು ಕಾಣ್ತಿದೆ, ಓಲೆ ಕಾಣ್ತಿದೆ, ಮೂಗಿಲ್ಲ. ಅಷ್ಟೇನೂ ನಷ್ಟ ಇಲ್ಲ.”

ಡಾಕ್ಟರು ಕಣ್ಣಿಗೇ ಇಂಜೆಕ್ಷನ್ ಕೊಡುತ್ತಿದ್ದರು. ಅದರಿಂದ ಹೋಗುವುದು ನಿಧಾನವಾಗುತ್ತಿತ್ತೇ ಹೊರತು ಹೋದದ್ದು ಬರುತ್ತಿರಲಿಲ್ಲ. ನಾನು ಎಂದಿನಂತೆ ಏನೋ ಸಾಂತ್ವನದ ಇಂಗ್ಲಿಷ್ ಶುರುಮಾಡಿದೆ. ಅವಳು ತಡೆದಳು. “ಅದೆಲ್ಲ ಬೇಡ. ಒಂದು ಆಸೆ ಇದೆ. ಸರ್ವೀಸ್ ಪೂರ್ತಿ ಮೊಟ್ಟೆ ಒಡೆದಿದೀನಿ. ಎಲ್ಲಾನೂ ಅರ್ಧಕ್ಕೇ. ಒಂದಾದ್ರೂ ಪೂರ್ತಿ ಮುಗಿಯೋದನ್ನ ನೋಡಿಲ್ಲ ಕಣೇ. ಒಂದು ಮರಿ ತಾನಾಗೇ ಒಡ್ಕೊಂಡು ಹೊರಗೆ ಬರೋದು. ಕಣ್ಣಲ್ಲಿ ಇನ್ನೂ ಇಷ್ಟಾದ್ರೂ ಇರೋವಾಗ ಅದನ್ನ ನೋಡ್ಬೇಕು.”

ಯೂಟ್ಯೂಬಿನಲ್ಲಿ ಇದೆಯಲ್ಲ ಅಂದೆ. ಅವಳು ನೆಲ ಒರೆಸುವ ಬಟ್ಟೆ ತರಲು ಒಳಗೆ ಹೋದಳು.

ಕೋಳಿ ಬಂದದ್ದು ಪಕ್ಕದ ಮನೆಯಿಂದ. ಆ ಮನೆಯ ಗೌರಮ್ಮ ಯುಗಾದಿಯ ಮಾರನೇ ದಿನದ ವರ್ಷತೊಡಕಿಗೆಂದು ಎರಡು ನಾಟಿಕೋಳಿ ತರಿಸಿದ್ದರು. ಒಂದು ಹಬ್ಬಕ್ಕಾಯಿತು. ಇನ್ನೊಂದು, ಹೇಂಟೆ, ಕಾಂಪೌಂಡ್ ಮೂಲೆಯ ತೆಂಗಿನ ನಾರಿನ ಮೇಲೆ ಕೂತದ್ದು ಏಳಲಿಲ್ಲ. ಅದರ ಕೆಳಗೆ ಮೊಟ್ಟೆಯೂ ಇರಲಿಲ್ಲ, ಒಂದು ಪಿಂಗ್‌ಪಾಂಗ್ ಬಾಲು ಇತ್ತು. ಹತ್ತಿರ ಹೋದವರ ಮೇಲೆ ಮೈಯುಬ್ಬಿಸಿ ಕುರ್‍ರ್ ಅನ್ನುತ್ತಿತ್ತು. “ಕಾವು ಕೂತೈತೆ ಮೇಡಂ. ಕಾವು ಕೂತ ಕೋಳಿ ನಾವು ಕುಯ್ಯಲ್ಲ” ಅಂದರು ಗೌರಮ್ಮ. ಇವಳು ಅವರಿಗೆ ಬದಲಿಗೆ ಎರಡು ಬ್ರಾಯ್ಲರ್ ತಂದುಕೊಟ್ಟು ಹೇಂಟೆಯನ್ನು ಬಾಲಿನ ಸಮೇತ ಮನೆಗೆ ತಂದಳು.

ಇನ್ನು ಮೊಟ್ಟೆ ಬೇಕಿತ್ತು. ಅಂಗಡಿಯ ಫಾರಂ ಮೊಟ್ಟೆ ಮರಿಯಾಗುವುದಿಲ್ಲ, ಹುಂಜ ಇರುವ ಕಡೆಯದೇ ಆಗಬೇಕು. ಲಗ್ಗೆರೆಯಲ್ಲಿ ನಾಟಿಕೋಳಿ ಸಾಕುವವರೊಬ್ಬರಿದ್ದಾರೆಂದು ಇಬ್ಬರೂ ಆಟೋದಲ್ಲಿ ಹೋದೆವು. ಅವಳಿಗೆ ಕಣ್ಣು ಸರಿಯಿಲ್ಲವೆಂದು ಮಾತಾಡುವ ಕೆಲಸ ನನ್ನದಾಯಿತು. ನಮ್ಮ ಮನೆಯಲ್ಲಿ ಮೊಟ್ಟೆ ಕೇಕಿನೊಳಗೆ ಅಡಗಿಕೊಂಡಿದ್ದರೆ ಮಾತ್ರ ಮಾಫಿ, ಮೈಮೇಲೆ ಸಿಪ್ಪೆ ಹೊದ್ದುಕೊಂಡು ಬಂದರೆ ಇಲ್ಲ. ಅಂಥ ಮನೆಯ ನಾನು, ಅಷ್ಟು ಜನ ಗಂಡಸರ ನಡುವೆ, ಫರ್ಟಿಲೈಸ್ಡ್ ಅನ್ನುವುದನ್ನು ಮರ್ಯಾದೆಯ ಕನ್ನಡದಲ್ಲಿ ಹೇಗೆ ಕೇಳಲಿ? ತಡವರಿಸಿ, “ಅಣ್ಣಾ, ಈ ಮೊಟ್ಟೆಗಳಿಗೆ ತಂದೆ ಇದಾರಾ?” ಅಂದೆ.

ಆತ ನನ್ನನ್ನು ಒಮ್ಮೆ ನೋಡಿ, “ಅವ್ರೆ ಆಂಟಿ. ಅಗೋ, ನೀರಿನ ಟ್ಯಾಂಕ್ ಮೇಲೆ ನಿಂತವ್ರೆ, ಮಾತಾಡುಸ್ತೀರಾ?” ಅಂದ. ಟ್ಯಾಂಕಿನ ಮೇಲಿನ ಕೆಂಪು ಹುಂಜ ಕತ್ತು ಚಾಚಿ ಕೂಗಿತು. ವಾಪಸ್ ಬರುವಾಗ ಇವಳು ಮೊಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು, ಆಟೋ ಹಂಪ್ ಹಾರಿದಾಗಲೆಲ್ಲ ಮೇಲೆ ಕೈಯಿಟ್ಟುಕೊಂಡು, ಮನೆ ಬರುವವರೆಗೂ ನಕ್ಕಳು. “ತಂದೆಯವ್ರು” ಅನ್ನುವುದು, ಮತ್ತೆ ನಗುವುದು.

ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗದಲ್ಲಿ ಬಿದಿರಿನ ಮಂಕರಿಗೆ ಹುಲ್ಲು ಹಾಸಿ, ಮೊಟ್ಟೆಗಳನ್ನಿಟ್ಟು ಹೇಂಟೆಯನ್ನು ಕೂರಿಸಿದಳು. ಬಾಲು ತೆಗೆದದ್ದು ಅದಕ್ಕೆ ಗೊತ್ತೇ ಆಗಲಿಲ್ಲ. ಗೌರಮ್ಮ ಕಾಂಪೌಂಡ್ ಮೇಲಿಂದ, “ಮೇಡಂ, ಬೇಸ್ಗೆ ಗುಡುಗಿಗೆ ಮೊಟ್ಟೆ ಕೆಟ್ಟೋಗ್ತವೆ. ಮಂಕ್ರಿ ಒಳಗೆ ಒಂದ್ ಚೂರು ಕಬ್ಣ ಇಡಿ” ಅಂದರು. ಇವಳು ದೊಡ್ಡ ಭಾಷಣ ಮಾಡಿದಳು. ಗುಡುಗು ಅಂದರೇನು, ಭ್ರೂಣ ಅಂದರೇನು, ಎರಡಕ್ಕೂ ಸಂಬಂಧ ಯಾಕಿಲ್ಲ. ಗೌರಮ್ಮ ಸಮಾಧಾನದಿಂದ ಕೇಳಿ, “ಹೌದಾ ಮೇಡಂ, ಆದ್ರೂ ಇಡಿ” ಅಂದರು. ಮುಂದಿನ ಶನಿವಾರ ನಾನು ಬಗ್ಗಿ ನೋಡಿದರೆ ಹುಲ್ಲಿನೊಳಗೆ ಅವಳ ಡಿಸೆಕ್ಷನ್ ಬಾಕ್ಸಿನ ತುಕ್ಕು ಹಿಡಿದ ಕತ್ತರಿ. ಸರ್ವೀಸ್ ಪೂರ್ತಿ ಕಪ್ಪೆ ಕುಯ್ದ ಕತ್ತರಿ.

“ಇದೇನೇ?”

“ಎಲ್ಲಾದ್ರೂ ಇಡ್ಬೇಕಲ್ಲ. ಇಲ್ಲಿಟ್ಟೆ.”

ಅಲ್ಲಿಂದ ಮರಿ ಬರುವವರೆಗೆ ನಾನು ಅವಳ ಕಣ್ಣು. ಶನಿವಾರದ ಭೇಟಿ ದಿನದ ಡ್ಯೂಟಿಯಾಯಿತು. ಅವಳು ಮಣೆ ಹಾಕಿಕೊಂಡು ಕೂರುವುದು, ನಾನು ನೋಡಿ ವರ್ಣಿಸುವುದು. ಮೊದಲ ದಿನವೇ ಫೇಲಾದೆ. “ಹೇಂಟೆ ಸಿಂಹಾಸನದ ಮೇಲೆ ಕೂತ ರಾಣಿ ಥರ...” ಅಂತ ಶುರುಮಾಡಿದೆ.

“ಹೋಲಿಕೆ ಬೇಡ. ಕೊಕ್ಕು ಎಲ್ಲಿದೆ ಹೇಳು.”

“ಕೊಕ್ಕು... ಮುಂದಕ್ಕೆ ಇದೆ.”

“ಎಲ್ಲಾ ಕೋಳಿದೂ ಮುಂದಕ್ಕೇ ಇರುತ್ತೆ. ಬಾಯಿ ಮುಚ್ಚಿದ್ಯಾ, ತೆರೆದಿದ್ಯಾ? ಕಣ್ಣು? ರೆಕ್ಕೆ ಮೈಗೆ ಅಂಟಿದ್ಯಾ, ಅಗಲ ಆಗಿದ್ಯಾ?”

ನೋಡಿದೆ. ನಿಜ ಹೇಳುತ್ತೇನೆ, ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ರಾಣಿಯನ್ನು ನೋಡಿದ್ದೆ, ಕೋಳಿಯನ್ನಲ್ಲ. “ಬಾಯಿ ಸ್ವಲ್ಪ ತೆರೆದಿದೆ. ಗಂಟಲು ಅದುರ್ತಿದೆ. ಎಡಗಡೆ ರೆಕ್ಕೆ ಅಗಲ ಆಗಿದೆ.” “ಸೆಕೆ ಆಗಿದೆ ಅದಕ್ಕೆ. ನೀರಿಡು” ಅಂದಳು. ನೀರಿಡಲು ಹೋದವಳ ಮಣಿಕಟ್ಟಿಗೆ ರಾಣಿ ಕುಕ್ಕಿದಳು.

ಹೇಂಟೆ ದಿನಕ್ಕೊಮ್ಮೆ ಎದ್ದು, ನುಚ್ಚಕ್ಕಿ ತಿಂದು, ನೀರು ಕುಡಿದು, ದಿನವಿಡೀ ಕೂಡಿಟ್ಟ ಒಂದು ಹಿಕ್ಕೆಯನ್ನು ಅಂಗಳದ ನಡುವೆ ಹಾಕಿ ಓಡಿ ಬರುತ್ತಿತ್ತು. ಅದರ ವಾಸನೆಗೆ ಹೋಲಿಕೆ ಹುಡುಕುವ ಮನಸ್ಸು ನನಗೂ ಬರಲಿಲ್ಲ. ನೀರು ಚೆಲ್ಲಿ ತೊಳೆಯುವುದು ನನ್ನ ಪಾಲು. ಷೇಕ್ಸ್‌ಪಿಯರ್ ಪಾಠ ಮಾಡಿದ ಬಾಯಿಗೆ ಸೆರಗು ಕಟ್ಟಿಕೊಂಡು, ಕಸಬರಿಕೆ ಹಿಡಿದು.

ಒಂದು ಗಮನಿಸಿದೆ. ಹೇಂಟೆ ನನ್ನನ್ನು ನೋಡಬೇಕಾದರೆ ಮುಖ ಪಕ್ಕಕ್ಕೆ ತಿರುಗಿಸಿ ಒಂದೇ ಕಣ್ಣಿನಿಂದ ನೋಡುತ್ತಿತ್ತು. ಇವಳೂ ಅಷ್ಟೇ, ನನ್ನನ್ನು ನೋಡಬೇಕಾದರೆ ಈಗ ಕತ್ತು ಹೊರಳಿಸಿ ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ.

ಟಿಕ್ ಸದ್ದು ಕೇಳಿದ್ದು ಹೇಂಟೆ ಮೇಯಲು ಎದ್ದ ಹೊತ್ತಿನಲ್ಲಿ. ಇವಳು ಒಂದು ಮೊಟ್ಟೆ ಎತ್ತಿ, ಮೊದಲು ತನ್ನ ಕಿವಿಗೆ, ಆಮೇಲೆ ನನ್ನ ಕಿವಿಗೆ ಹಿಡಿದು, ಹೇಂಟೆ ಬರುವುದರೊಳಗೆ ವಾಪಸ್ ಇಟ್ಟಳು. “ನಾಳೆ” ಅಂದಳು. ಪುಸ್ತಕದ ಪ್ರಕಾರ ನಾಳೆ. ಮಾರನೇ ದಿನ ಇಬ್ಬರೂ ಮಣೆ ಹಾಕಿಕೊಂಡು ಕೂತೆವು. ಏನೂ ಆಗಲಿಲ್ಲ. “ಎಲ್ಲೋ ಲೆಕ್ಕ ತಪ್ಪಿದೀನಿ” ಅಂದಳು. ಅವಳ ಬಾಯಲ್ಲಿ ಆ ಮಾತು ಕೇಳಿದ ಸಂತೋಷಕ್ಕೆ ನಾನೇ ಕಾಫಿ ಮಾಡಿದೆ. ಅದರ ಮರುದಿನ ಬೆಳಿಗ್ಗೆ ಫೋನ್: “ಏ ಇಂಗ್ಲಿಷ್, ಆಟೋ ಹತ್ತು.”

ಹೋಗಿ ನೋಡಿದರೆ ಕಾಣುವುದು ಹೇಂಟೆ ಮಾತ್ರ. ಮೈಯನ್ನೆಲ್ಲ ಉಬ್ಬಿಸಿ, ಮಂಕರಿಯ ಅಂಚಿನಿಂದ ಅಂಚಿನವರೆಗೆ ಹರಡಿ ಕೂತಿತ್ತು. ಅದರ ಕೆಳಗೆ ಏನೇನೋ ನಡೆಯುತ್ತಿತ್ತು. ಚಿಂವ್ ಅನ್ನುವ ಸದ್ದು, ಹೇಂಟೆ ಗಂಟಲಲ್ಲೇ ಕೊಡುವ ಉತ್ತರ. ಒಂದು ಸಿಪ್ಪೆ ಚೂರು ಹೊರಗೆ ಬಿದ್ದಿತ್ತು, ಅಷ್ಟೇ. ನಾವು ಪೂರ್ತಿ ಮರೆತ ಸಂಗತಿ ಇದು. ಝೂಆಲಜಿ ಓದಿದವಳಿಗೂ ಹೊಳೆದಿರಲಿಲ್ಲ. ಇನ್‌ಕ್ಯುಬೇಟರಿಗೆ ಗಾಜಿನ ಬಾಗಿಲಿರುತ್ತದೆ, ತಾಯಿಗೆ ಇರುವುದಿಲ್ಲ. ಯಾವ ಕೋಳಿಯೂ ಮೊಟ್ಟೆ ಒಡೆಯುವುದನ್ನು ಯಾರಿಗೂ ತೋರಿಸುವುದಿಲ್ಲ.

“ಎತ್ತಿಬಿಡೋಣ ಕಣೇ” ಅಂದೆ. “ಎರಡೇ ನಿಮಿಷ. ನಾನು ಹಿಡ್ಕೋತೀನಿ, ನೀನು ನೋಡು.” ಆ ಕೋಳಿಯನ್ನು ಹಿಡಿದುಕೊಳ್ಳುವ ಧೈರ್ಯ ನನಗೆಲ್ಲಿತ್ತೋ. ಆದರೆ ಅವಳ ಕಣ್ಣು ಹೋದ ಶನಿವಾರಕ್ಕಿಂತ ಈ ಶನಿವಾರಕ್ಕೆ ಮಂದವಾಗಿದ್ದುದನ್ನು ನಾನು ಬಲ್ಲೆ. ಇನ್ನೊಂದು ಕಾವಿನವರೆಗೆ ಏನೂ ಉಳಿಯುವುದಿಲ್ಲವೆಂದು ಅವಳೂ ಬಲ್ಲಳು.

ಅವಳು ಮುಖ ಪಕ್ಕಕ್ಕೆ ಮಾಡಿ, ಕಣ್ಣಂಚಿನಿಂದ ಹೇಂಟೆಯನ್ನು ನೋಡುತ್ತಿದ್ದಳು.

“ಬೇಡ. ಇಷ್ಟು ವರ್ಷ ಎಲ್ಲಾನೂ ತೆಗ್ದು ತೆಗ್ದು ನೋಡಿದೀನಿ. ಇದೊಂದು ಮುಚ್ಚೇ ಇರ್ಲಿ” ಅಂದಳು.

ಆಮೇಲೆ ಬಳೆ ತೆಗೆದಿಟ್ಟು, ಕೈಯನ್ನು ನೆಲಕ್ಕೆ ಅಂಟಿಸಿಕೊಂಡು, ಹೇಂಟೆಯ ಎದೆಯ ಕೆಳಗೆ ಮೆಲ್ಲಗೆ ತೂರಿಸಿದಳು. ಅದು ಕುಕ್ಕಿತು. ಮತ್ತೆ ಕುಕ್ಕಿತು. ಅವಳು ಕೈ ತೆಗೆಯಲಿಲ್ಲ. ಕೊನೆಗೆ ಹೇಂಟೆಗೆ ಬೇಸರವಾಯಿತೋ, ಆ ಕೈಯೂ ಒಂದು ಮೊಟ್ಟೆ ಅನ್ನಿಸಿತೋ, ಅದರ ಮೇಲೆಯೇ ಸರಿಯಾಗಿ ಕೂತುಕೊಂಡಿತು.

ಈಗ ನನ್ನ ಎರಡು ಕಣ್ಣಿಗೂ ಏನೂ ಕಾಣುತ್ತಿರಲಿಲ್ಲ. ಅವಳು ಹೇಳತೊಡಗಿದಳು. “ಒಂದು ಮರಿ ಹೊರಗೆ ಬಂದಿದೆ, ಇನ್ನೂ ಒದ್ದೆ ಇದೆ. ಇದು ಸಿಪ್ಪೆ, ಖಾಲಿ. ಇದು ಇನ್ನೂ ಒಡೀತಾ ಇದೆ, ಸುತ್ತ ಬಿರುಕು ಬಿಟ್ಟಿದೆ. ಒದೀತಾ ಇದೆ. ನಿಲ್ಲಿಸ್ತು. ಉಸಿರಾಡ್ತಿದೆ.” ನಾನು, “ಸ್ವಲ್ಪ ಸಿಪ್ಪೆ ಬಿಡಿಸಿಕೊಡೇ, ಪಾಪ” ಅಂದೆ. “ಪಾಪ ಎಲ್ಲಿದೆ?” ಅಂದಳು, ಆದರೆ ದನಿ ಹಳೆಯದಲ್ಲ. “ಸುಮ್ನಿರು. ಅದರ ಕೆಲಸ ಅದು ಮಾಡ್ಕೊಳ್ಲಿ.”

ಬಿಸಿಲು ಅಂಗಳದ ಅರ್ಧಕ್ಕೆ ಬಂತು. ಇದ್ದಕ್ಕಿದ್ದಂತೆ ಅವಳ ಬಾಯಿ ಸ್ವಲ್ಪ ತೆರೆಯಿತು.

“ಏನಾಯ್ತು?”

ಅವಳು ಕಣ್ಣು ಮುಚ್ಚಿಕೊಂಡಳು.

“ಏನಾಯ್ತೇ? ಬಂತಾ? ಹೇಗಿದೆ?”

“ಕೈಯೊಳಗೆ ಬಂತು” ಅಂದಳು. ಆಮೇಲೆ, “ನನಗೆ ಹೇಳೋಕೆ ಬರ್ತಿಲ್ಲ. ನೀನೇ ಏನಾದ್ರೂ ಹೋಲಿಕೆ ಹುಡ್ಕು” ಅಂದಳು.

ನನಗೂ ಸಿಗಲಿಲ್ಲ. ಅಷ್ಟು ವರ್ಷ ಸಂಬಳ ತಗೊಂಡದ್ದು ಯಾಕೋ.

ಮರಿಗಳ ಬಾಲ್ಯದಲ್ಲಿ ನನ್ನ ಪಾತ್ರ ಹೆಮ್ಮೆಪಡುವಂಥದ್ದಲ್ಲ. ಬಂದ ದಿನವೇ ನುಚ್ಚು ನೆನೆಸಿ, ರುಬ್ಬಿ, ಬಟ್ಟಲಿಗೆ ಹಾಕಿ ತಂದೆ. “ಇವತ್ತು ತಿನ್ನಲ್ಲ, ಮೊಟ್ಟೆ ಹಳದಿ ಇನ್ನೂ ಹೊಟ್ಟೇಲಿದೆ. ಅದೇ ಟಿಫನ್” ಅಂದಳು. ನೀರಿಗೆ ನಾನು ಸೂಪ್ ಬೌಲ್ ಇಟ್ಟರೆ, ಅದನ್ನು ಎತ್ತಿ, ಕಾಲೇಜಿನಿಂದ ತಂದ ಗಾಜಿನ ಪೆಟ್ರಿ ಡಿಶ್ ಇಟ್ಟು ಒಳಗೆ ಗೋಲಿಗಳನ್ನು ತುಂಬಿದಳು, ಮರಿಗಳು ಮುಳುಗದ ಹಾಗೆ. ಗೋಲಿಗಳ ಸಂದಿಯ ನೀರಿಗೆ ಮರಿಗಳು ಕೊಕ್ಕಿಟ್ಟು, ತಲೆಯೆತ್ತಿ, ಆಕಾಶ ನೋಡಿ ನುಂಗುತ್ತಿದ್ದವು. ಅದು ಊಟಕ್ಕೆ ಮುಂಚಿನ ಪ್ರಾರ್ಥನೆ, ಕಾನ್ವೆಂಟಿನಲ್ಲಿ ನಾವು ಹೇಳುತ್ತಿದ್ದ ಗ್ರೇಸ್ ಅಂತ ನನಗನ್ನಿಸುತ್ತಿತ್ತು. ಬಾಯಿಬಿಡಲಿಲ್ಲ.

ಹದ್ದು ಸುತ್ತಿದಾಗ ಛತ್ರಿ ಬಿಚ್ಚಿ ಅಂಗಳದಲ್ಲಿ ನಿಲ್ಲುವ ಕೆಲಸ ನನ್ನದು. ಹೇಂಟೆ ಹದ್ದಿಗಿಂತ ಛತ್ರಿಗೆ ಹೆಚ್ಚು ಹೆದರಿತು. ಒಂದು ಮಧ್ಯಾಹ್ನ ಜೋರು ಮಳೆಗೆ ಒಂದು ಮರಿ ತೊಯ್ದು ನಡುಗುತ್ತಿತ್ತೆಂದು ನಾನು ಒಳಗೆ ಒಯ್ದು ಹೇರ್ ಡ್ರೈಯರ್ ಹಿಡಿದೆ. ಮರಿ ಕಿರುಚಿತು. ಹೇಂಟೆ ಬಾಗಿಲು ದಾಟಿ ಹಾಲ್‌ಗೆ ನುಗ್ಗಿ ನನ್ನ ಕಾಲಿಗೆ ಬಿದ್ದಿತು, ನಮಸ್ಕಾರಕ್ಕಲ್ಲ. ನಾನು ಸೋಫಾ ಮೇಲೆ, ಡ್ರೈಯರ್ ನೆಲದ ಮೇಲೆ, ಮರಿ ಆಗಲೇ ಹೇಂಟೆಯ ರೆಕ್ಕೆಯೊಳಗೆ. ಇವಳು ಬಾಗಿಲಲ್ಲಿ ನಿಂತು, ಮುಖ ಪಕ್ಕಕ್ಕೆ ಮಾಡಿ, “ಈಗ ನೀನೇ ಹೇಳು, ಕೊಕ್ಕು ಎಲ್ಲಿದೆ?” ಅಂದಳು. “ನನ್ನ ಹಿಮ್ಮಡೀಲಿ” ಅಂದೆ. “ಗುಡ್. ಇಂಪ್ರೂವ್ ಆಗ್ತಿದೀಯ.”

ಮಳೆಗಾಲ ಮುಗಿಯುವಷ್ಟರಲ್ಲಿ ಮರಿಗಳಿಗೆ ಗರಿ ಬಂತು. ಒಂದು ಬೆಳಿಗ್ಗೆ ಹೇಂಟೆ ತಾನೇ ಅವುಗಳನ್ನು ಕುಕ್ಕಿ ಓಡಿಸಿತು. ನಾನು ಕಣ್ಣೀರಿಟ್ಟೆ. “ಕೋರ್ಸ್ ಮುಗೀತು ಅಷ್ಟೇ” ಅಂದಳು ಅವಳು. ಆ ಹೊತ್ತಿಗೆ ಅವಳಿಗೆ ಒಲೆ ಹಚ್ಚುವುದು ಕಷ್ಟವಾಗಿತ್ತು. ಮೈಸೂರಿಗೆ ಅಣ್ಣನ ಮಗಳ ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಹೇಂಟೆ, ಮರಿಗಳು, ಮಂಕರಿ ಎಲ್ಲ ಗೌರಮ್ಮನವರಿಗೆ. ಕತ್ತರಿ ಮಾತ್ರ ಅವಳೇ ಇಟ್ಟುಕೊಂಡಳು. ಮುಂದಿನ ವರ್ಷತೊಡಕಿಗೆ ಏನಾಯಿತೆಂದು ನಾನು ಕೇಳಿಲ್ಲ, ಗೌರಮ್ಮ ಹೇಳಿಲ್ಲ. ನಮ್ಮಿಬ್ಬರ ಸ್ನೇಹ ಅದರ ಮೇಲೆ ನಿಂತಿದೆ.

ಹೊರಡುವ ದಿನ ಹೋದೆ. ಕಾರಿಗೆ ಇನ್ನೂ ಸಮಯವಿತ್ತು. ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ನಾನು ಎದುರಿಗೆ ಹೋಗಿ ನಿಂತೆ.

“ಯಾರೋ ನಿಂತಿದೀರ. ಎದುರಿಗೆ ನಿಂತ್ರೆ ಕಾಣಲ್ಲ ಕಣ್ರೀ, ಪಕ್ಕಕ್ಕೆ ಬನ್ನಿ” ಅಂದಳು. ಪಕ್ಕಕ್ಕೆ ಬಂದೆ. “ಓ, ಇಂಗ್ಲಿಷಾ? ಆ ಗಿಳಿಹಸಿರು ಸೀರೆ ಯಾಕೆ ಉಡ್ತೀಯೋ. ಕುರುಡರಿಗೂ ಬಿಡುಗಡೆ ಇಲ್ಲ.”

ಆಮೇಲೆ ಅವಳೇ ಕೇಳಿದಳು. “ಕನ್ನಡೀಲಿ ನನ್ನ ಮುಖ ಕಾಣೋದು ನಿಂತು ಸುಮಾರು ದಿನ ಆಯ್ತು. ಹೇಗಿದೀನಿ ಹೇಳು. ಹೋಲಿಕೆ ಬೇಡ.”

ನೋಡಿದೆ. ಹೇಳಿದೆ. “ಕೂದಲು ಪೂರ್ತಿ ಬೆಳ್ಳಗಾಗಿದೆ, ಬೈತಲೆ ಸೊಟ್ಟಗಿದೆ. ಹಣೆಮೇಲೆ ಕುಂಕುಮ ಸ್ವಲ್ಪ ಎಡಕ್ಕೆ ಹೋಗಿದೆ. ಕೆಳಗಿನ ತುಟಿ ಒಣಗಿದೆ. ಎಡಗೆನ್ನೆ ಮೇಲೆ ಒಂದು ನುಚ್ಚಿನ ಕಾಳು ಅಂಟಿದೆ. ಬಲಗೈ ಹೆಬ್ಬೆರಳ ಹತ್ರ ಕುಕ್ಕಿದ ಗಾಯದ ಗುರುತು ಇನ್ನೂ ಇದೆ.” ಕೊನೆಯದನ್ನೂ ಹೇಳಿದೆ. “ನನ್ನನ್ನ ನೋಡೋಕೆ ಮುಖ ಪಕ್ಕಕ್ಕೆ ತಿರುಗಿಸಿದೀಯ.”

ಕೆನ್ನೆ ಒರೆಸಿಕೊಂಡಳು, ಬಲಗೆನ್ನೆ. “ಪಾಸ್” ಅಂದಳು.

ಕಾರು ಬಂತು. ಅಣ್ಣನ ಮಗಳು ಅವಳನ್ನು ಹಿಂದಿನ ಸೀಟಿಗೆ ಕೂರಿಸಿ ಗಾಜು ಇಳಿಸಿದಳು. ನಾನು ಕಿಟಕಿಯೆದುರು ಹೋಗಿ ನಿಂತವಳು ಕೈಯೆತ್ತಿ ಟಾಟಾ ಮಾಡಲು ಹೊರಟೆ. ಆಮೇಲೆ ನೆನಪಾಗಿ, ಮುಂದಿನ ಬಾಗಿಲ ಹತ್ತಿರಕ್ಕೆ ಸರಿದು ನಿಂತೆ. ಅವಳು ಸೀದಾ ಮುಂದಿನ ರಸ್ತೆಯ ಕಡೆಗೇ ಮುಖ ಮಾಡಿಕೊಂಡು, ಕಣ್ಣಂಚಿನಲ್ಲಿ ನನ್ನನ್ನು ನೋಡಿ ನಕ್ಕಳು.